ಕುಂಚಿಗೆಯ ತೂಕ

ನಮ್ಮೂರಿನಲ್ಲಿ ಯಾರಾದರೂ ಮನಸಾರೆ "ಹೂಂ" ಅಂದರೆ ಅದು ಮೈಗೆ ಹತ್ತುತ್ತದೆ. ಹಾಗಂತ ಹೊಟ್ಟೆ ಬರುವುದಿಲ್ಲ, ಕೆನ್ನೆ ಉಬ್ಬುವುದಿಲ್ಲ. ಕಾಲು ನೆಲದಲ್ಲಿ ಹೂಳುತ್ತದೆ, ಅಷ್ಟೆ. ಒಪ್ಪಿಕೊಂಡ ಕೆಲಸ ಮುಗಿಸಿದ ದಿನ ಆ ಭಾರ ಇಳಿಯುತ್ತದೆ. ಮುಗಿಸಲು ಆಗದಿದ್ದರೆ ಆ ಮನುಷ್ಯನ ಎದುರಿಗೇ ನಿಂತು "ನನ್ನ ಕೈಲೆ ಆಗೂದಿಲ್ರಿ" ಅನ್ನಬೇಕು, ಆಗಲೂ ಇಳಿಯುತ್ತದೆ. ಬೆನ್ನ ಹಿಂದೆ ಎಷ್ಟು ಗೊಣಗಿದರೂ ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಇದಕ್ಕೆ ತಕ್ಕಂತೆ ನಾವು ಬದುಕು ಹೊಂದಿಸಿಕೊಂಡಿದ್ದೇವೆ. ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲು ಗಂಡುಹೆಣ್ಣಿನ ಮಣೆಯ ಕೆಳಗೆ ಕಲ್ಲುಚಪ್ಪಡಿ ಹಾಸುತ್ತೇವೆ. ಸಾಲೆಯ ಮಾಸ್ತರರಿಗೆ ಕಬ್ಬಿಣದ ಕುರ್ಚಿ ಮಾಡಿಸಿದ್ದೇವೆ. ಊರಿನ ಅಧ್ಯಕ್ಷರು ಮಾತ್ರ ವೇದಿಕೆಯ ಮೇಲೆ ನಿಂತು ರಸ್ತೆ, ನಲ್ಲಿ, ಸೇತುವೆ ಎಲ್ಲ ಕೊಡುತ್ತೇನೆ ಅನ್ನುವಾಗ ಗಾಳಿ ಬಂದರೆ ಹಾರಿಹೋದಾರು ಅಂತ ಇಬ್ಬರು ಅವರ ಧೋತರದ ಚುಂಗು ಹಿಡಿದು ನಿಲ್ಲುತ್ತಾರೆ. ಯಾರೂ ನಗುವುದಿಲ್ಲ, ಅದು ರೂಢಿ. ಅಳುವ ಕೂಸಿಗೆ ಚಂದಪ್ಪನನ್ನು ತಂದುಕೊಡುತ್ತೇನೆ ಅಂದ ಯಾವ ತಾಯಿಯೂ ಇಲ್ಲಿಯವರೆಗೆ ನೆಲದಲ್ಲಿ ಹೂತಿಲ್ಲ. ಬಾಯಿಮಾತಿಗೆ ತೂಕವಿಲ್ಲ. ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿದೆ ಅಂದುಕೊಂಡಿದ್ದೆ.

ನಾನು ಸಿಂಪಿಗೇರ ಪಂಪಣ್ಣ. ಪೇಟೆ ಬೀದಿಯ ಹುಣಸೆಮರದ ಎದುರಿಗೆ ನನ್ನ ಹೊಲಿಗೆ ಅಂಗಡಿ. ಬೇರೆ ದರ್ಜಿಗಳು "ನಾಡದು ಬರ್ರಿ" ಅಂದು ಹಗುರಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಾನು ಹಾಗಲ್ಲ, ಆಡಿದರೆ ಆಡಿದಂತೆ. ಹಾಗಾಗಿ ಊರಿನಲ್ಲಿ ನನ್ನಷ್ಟು ಭಾರದ ಮನುಷ್ಯ ಇನ್ನೊಬ್ಬನಿರಲಿಲ್ಲ. ನಾಟಕದ ಮಂಡಳಿಯ ವೇಷಭೂಷಣ ನನ್ನದು. ಯಾತ್ರೆಗೆ ಹೋದ ವಿರೂಪಣ್ಣನ ಗಿಳಿಗೆ ಕಾಳು ಹಾಕುವುದು ನನ್ನದು. ಅವನು ಯಾತ್ರೆಯಿಂದ ಬಂದ ಮೇಲೂ ಯಾಕೋ ನನ್ನದೇ ಆಗಿ ಉಳಿಯಿತು. ಅಣ್ಣತಮ್ಮಂದಿರ ಗೋಡೆಜಗಳದಲ್ಲಿ ನಡುವೆ ನಿಲ್ಲುವುದು, ಯಾರದೋ ಮಗಳಿಗೆ ಗಂಡು ನೋಡುವುದು, ಸಮಿತಿ ಅಂತ ಯಾವುದು ಹುಟ್ಟಿದರೂ ಅದಕ್ಕೆ ಹೆಗಲು ಕೊಡುವುದು. ನಾನು ಬೀದಿಯಲ್ಲಿ ನಡೆದರೆ ಹಿತ್ತಾಳೆ ಅಂಗಡಿಯ ಚೊಂಬುಗಳು ಝಣಗುಟ್ಟುತ್ತಿದ್ದವು. "ಪಂಪಣ್ಣ ಬಂದ" ಅಂತ ಜನ ನೋಡದೆಯೇ ಹೇಳುತ್ತಿದ್ದರು. ಅದನ್ನು ಕೇಳಿದರೆ ನನಗೆ ಹಬ್ಬದೂಟ ಮಾಡಿದಷ್ಟು ಸಂತೋಷವಾಗುತ್ತಿತ್ತು.

ನನಗೆ ಒಬ್ಬಳೇ ಮಗಳು, ಹಂಪಮ್ಮ. ಹೊಳೆಯ ಆಚೆ ದಂಡೆಗೆ ಕೊಟ್ಟಿದ್ದೇನೆ. ಸೇತುವೆ ಇಲ್ಲ, ಅಧ್ಯಕ್ಷರ ಮಾತಿನಲ್ಲಿ ಬಿಟ್ಟರೆ. ದಾಟಬೇಕಾದರೆ ಮಾರೆಪ್ಪನ ಹರಿಗೋಲೇ ಗತಿ. ಮಾರೆಪ್ಪ ಯಾರನ್ನೂ ಸುಮ್ಮನೆ ಹತ್ತಿಸಿಕೊಳ್ಳುವುದಿಲ್ಲ. ದಂಡೆಯ ಹಸಿ ಮರಳಿನ ಮೇಲೆ ನಡೆದು ಬರಬೇಕು. ಅವನು ಮುಖ ನೋಡುವುದಿಲ್ಲ, ಹೆಜ್ಜೆ ನೋಡುತ್ತಾನೆ. ಹೆಜ್ಜೆ ತೀರ ಆಳವಾದರೆ ಹರಿಗೋಲು ಮುಳುಗುತ್ತದೆ. ಹೆಜ್ಜೆಯೇ ಮೂಡದವನು ಕೂತರೆ ಅದು ಬುಗುರಿಯ ಹಾಗೆ ತಿರುಗುತ್ತ ಸುಳಿಗೆ ಹೋಗುತ್ತದೆ. ಎರಡೂ ಬೇಡ ಅನ್ನುವುದು ಅವನ ಕಟ್ಟುನಿಟ್ಟು.

ಬಾಣಂತನ ತವರಿನಲ್ಲೇ ಆಗಬೇಕು. ಆದರೆ ನನ್ನ ಹೆಂಡತಿ ಗಿರಿಜವ್ವ ಹಂಪಮ್ಮನ ಹಾಲುಹಲ್ಲು ಬೀಳುವ ಮೊದಲೇ ತೀರಿಕೊಂಡಿದ್ದಳು. ಹೆಣ್ಣುದಿಕ್ಕಿಲ್ಲದ ಮನೆಗೆ ಬಸುರಿಯನ್ನು ಕಳಿಸುವುದು ಹೇಗೆ ಅಂತ ಬೀಗರು ತಮ್ಮಲ್ಲೇ ಇಟ್ಟುಕೊಂಡರು. ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ನಾನು ಹಸಿರು ಸೀರೆ ಹಿಡಿದುಕೊಂಡು ದಂಡೆಗೆ ಹೋಗಿದ್ದೆ. ನನ್ನ ಹೆಜ್ಜೆಯಲ್ಲಿ ನೀರು ಮೊಣಕಾಲಿನ ತನಕ ಬಂತು. ಮಾರೆಪ್ಪ ತಲೆಯಾಡಿಸಿದ. ಸೀರೆ ಅವನ ಕೈಯಲ್ಲಿ ದಾಟಿತು, ನಾನು ಈಚೆ ಉಳಿದೆ. ಆಚೆ ದಂಡೆಯ ಮೇಲೆ ಹಂಪಮ್ಮ ಹೊಟ್ಟೆ ಹಿಡಿದುಕೊಂಡು ನಿಂತದ್ದು ಕಾಣುತ್ತಿತ್ತು. ಮಾರೆಪ್ಪ ಮರಳಿ ಬಂದು ಅವಳು ಆಡಿದ ಮಾತು ತಂದ: "ನಮ್ಮಪ್ಪ ಊರಿಗೆಲ್ಲಾ ಅಪ್ಪ. ಬಿಡು, ನಂಗೆಲ್ಲಿ ಹೊತ್ತು ಸಿಗ್ತೈತಿ ಅವಂಗ." ಆ ಮಾತು ನನ್ನ ಎದೆಯಲ್ಲಿ ಮುರಿದ ಸೂಜಿಯ ತುದಿಯಂತೆ ಉಳಿದುಕೊಂಡಿತು.

ಈಗ ಮತ್ತೆ ಮಾರೆಪ್ಪನೇ ಸುದ್ದಿ ತಂದ. "ಹೆಣ್ಣುಕೂಸು, ಪಂಪಣ್ಣ. ತಾಯಿ ಮಗು ಆರಾಮ ಅದಾರ. ಬರೋ ಸೋಮವಾರ ತೊಟ್ಲಿಗೆ ಹಾಕ್ತಾರ."

"ಹಂಪವ್ವ ಏನಂದ್ಲು?"

ಮಾರೆಪ್ಪ ಹರಿಗೋಲಿನ ಹುಟ್ಟಿನ ಮೇಲೆ ಕೈಯೂರಿ ಅವಳ ಮಾತನ್ನೇ ಹೇಳಿದ. "ಕುಂಚಿಗಿ ನಮ್ಮಪ್ಪ ಹೊಲೀತೀನಿ ಅಂದಿದ್ದ, ಅವನ ಕೈಲೇ ಕಟ್ತೀನಿ ಅಂದಿದ್ದ. ಅವ ಬಂದ್ರ ಬಂದ. ಬರ್ಲಿಲ್ಲಂದ್ರ ನನ್ನ ಮಗಳು ಬರಿ ತಲೀಲೇ ತೊಟ್ಲಾಗ ಮಲಗ್ತಾಳ. ಕುಂಚಿಗಿ ಒಂದ ನನ್ನ ಕೈಲೆ ಕಳಿಸಿದ್ರ, ಹಂಗ ಹೊಳಿಗೆ ಬಿಡು ಅಂದಾಳ ನನಗ."

ಕೂಸಿನ ತಲೆಯಿಂದ ಬೆನ್ನ ಮೇಲೆ ಇಳಿಯುವ ಕುಂಚಿಗೆ ತವರಿನಿಂದ ಬರಬೇಕು. ಹಂಪಮ್ಮನದನ್ನು ಗಿರಿಜವ್ವ ಕೈಯಲ್ಲಿ ಹೊಲಿದಿದ್ದಳು. ತಾಯಿ ಸತ್ತ ಮೇಲೆ ಒಂದು ದಿನ ಆ ಪುಟ್ಟ ಕುಂಚಿಗೆ ಹಿಡಿದುಕೊಂಡು ಹುಡುಗಿ ಅಳುತ್ತ ಕೂತಿತ್ತು: "ಯಪ್ಪಾ, ನನ್ನ ಕೂಸಿಗೆ ಯಾರು ಹೊಲೀತಾರ?" ಅಂಗಡಿಯಲ್ಲಿ ಜನ ಕಾಯುತ್ತಿದ್ದರು. "ನಾ ಹೊಲೀತೀನವ್ವ, ನಾನ ಬಂದು ಕಟ್ತೀನಿ, ಅಳಬ್ಯಾಡ" ಅಂದಿದ್ದೆ. ಅವಳು ಮರೆತಿರಲಿಲ್ಲ.

ಈ ಸಲ ದಾಟಲೇಬೇಕು ಅಂತ ನಿರ್ಧರಿಸಿದೆ. ಹೊಳೆಯ ಮಂಟಪದಲ್ಲಿ ಜೋಳಿಗೆ ಅಜ್ಜ ಇರುತ್ತಾನೆ. ಹೆಂಡತಿ ಮಕ್ಕಳು ಹೊಲ ಮನೆ ಎಲ್ಲದಕ್ಕೂ ಎದುರಿಗೆ ನಿಂತು "ಆಗೂದಿಲ್ಲ" ಅಂದು ಬಂದವನು. ಊರಿಗೆ ಹಗುರಾದ ಮನುಷ್ಯ ಅಂದರೆ ಅವನೇ. ಮರಳಿನಲ್ಲಿ ಅವನ ಹೆಜ್ಜೆ ಮೂಡುವುದಿಲ್ಲ. ಗಾಳಿಗೆ ಹೋಗದಿರಲಿ ಅಂತ ಜೋಳಿಗೆಯಲ್ಲಿ ಕಲ್ಲು ತುಂಬಿಕೊಂಡು, ಕಂಬಕ್ಕೆ ಒರಗಿ ಕೂತಿರುತ್ತಾನೆ. ಜನ ಕೈಮುಗಿಯುತ್ತಾರೆ. ನಾನೂ ಮುಗಿದೆ.

"ಯಜ್ಜಾ, ಹಗುರ ಆಗೋದು ಹೆಂಗ?"

"ಇಳಿಸಿದ್ರ ಆಗ್ತೀ. ಅದೇನು ದೊಡ್ಡ ವಿದ್ಯಾ ಅಲ್ಲ."

"ಎಷ್ಟು ಇಳಿಸ್ಲಿ?"

ಅಜ್ಜ ನನ್ನನ್ನು ನೋಡಿದ. "ಅದನ್ನ ನನ್ನ ಕೇಳಬ್ಯಾಡೋ ತಮ್ಮಾ. ನಾ ಅದನ್ನ ಯಾರಿಗೂ ಕೇಳದ ಇಳಿಸಿದಾವ. ನೋಡು, ಕಲ್ಲು ಕಟ್ಕೊಂಡು ಕುಂತೀನಿ."

ನಾನು ಕಲ್ಲು ನೋಡಲಿಲ್ಲ. ಅವನ ಸುತ್ತಲಿನ ಮರಳು ಗುಡಿಸಿಟ್ಟಂತೆ ಸ್ವಚ್ಛವಾಗಿತ್ತು. ಅದನ್ನೇ ನೋಡಿ, ಮುಕ್ತಿ ಅಂದರೆ ಇದೇ ಇರಬೇಕು ಅಂದುಕೊಂಡು ಹೊರಟೆ.

ಮರುದಿನದಿಂದ ಮನೆ ಮನೆ ತಿರುಗಿದೆ. ಮೊದಲು ನಾಟಕದ ಗಾಳೆಪ್ಪ ಮಾಸ್ತರ. ಹೊಸ್ತಿಲಲ್ಲಿ ನಿಂತು ಈ ವರ್ಷದ ವೇಷ ನನ್ನ ಕೈಲಿ ಆಗುವುದಿಲ್ಲ ಅಂದೆ. ಅವನು ಕಣ್ಣೀರು ಹಾಕಿಯಾನು ಅಂತ ನನಗೆ ಹೆದರಿಕೆ. ಗಾಳೆಪ್ಪ ಕಿವಿ ತುರಿಸಿಕೊಂಡ. "ಹೇಳಿದ್ರ ನಿಮಗ ಬ್ಯಾಸರ ಆದೀತಂತ ಸುಮ್ನಿದ್ವಿ ಪಂಪಣ್ಣ. ಹ್ವಾದ ವರ್ಷದಿಂದ ಕೆಳಗಿನ ಓಣಿ ಹುಡುಗ್ರು ಹೊಲ್ದು ಕೊಡಾಕ ಹತ್ಯಾರ. ನೀವು ನೋಡಿದ ನಾಟಕದಾಗಿನ ರಾಜನ ಅಂಗಿ ಅವರದ."

ನಾನು ಆ ಅಂಗಿಯನ್ನು ಎಲ್ಲರ ಎದುರಿಗೆ ನನ್ನದೇ ಅಂತ ಹೊಗಳಿಕೊಂಡಿದ್ದೆ.

ವಿರೂಪಣ್ಣನ ಗಿಳಿ ಸತ್ತು ಮಳೆಗಾಲ ಕಳೆದಿತ್ತಂತೆ. ನಾನು ಅವಸರದಲ್ಲಿ ಪಂಜರದೊಳಗೆ ನೋಡದೆಯೇ ಹಾಕಿಹೋಗುತ್ತಿದ್ದ ಕಾಳನ್ನು ಗುಬ್ಬಿಗಳು ತಿನ್ನುತ್ತಿದ್ದವು, ಅವನು ನನ್ನ ಮನಸ್ಸು ನೋಯಿಸಬಾರದೆಂದು ಪಂಜರ ತೆಗೆದಿರಲಿಲ್ಲ. ಗೋಡೆಜಗಳದ ಅಣ್ಣತಮ್ಮಂದಿರು ತಾವೇ ರಾಜಿಯಾಗಿದ್ದರು. ಗಂಡು ಹುಡುಕಬೇಕಾಗಿದ್ದ ಹುಡುಗಿ ತಾನೇ ಒಬ್ಬನನ್ನು ಹುಡುಕಿಕೊಂಡಿದ್ದಳು; ಬಾಗಿಲು ತೆರೆದು ನನಗೆ ಮಜ್ಜಿಗೆ ಕೊಟ್ಟಳು. ಒಂದೊಂದು ಮನೆ ಬಿಟ್ಟಾಗಲೂ ಮೈ ಹಗುರಾಗುತ್ತಿತ್ತು, ಮುಖ ಸಣ್ಣದಾಗುತ್ತಿತ್ತು. ನಾನಿಲ್ಲದಿದ್ದರೆ ಊರು ನಿಂತುಬಿಡುತ್ತದೆ ಅಂದುಕೊಂಡಿದ್ದೆ. ಊರು ನನ್ನ ಮನಸ್ಸು ಕಾಯಲು ನನಗೆ ಕೆಲಸ ಕೊಟ್ಟಿತ್ತು.

ಇಳಿಸುವುದಕ್ಕೂ ಒಂದು ಅಮಲು ಇರುತ್ತದೆ. ಕೊನೆಗೆ ದ್ಯಾವಮ್ಮನ ಗುಡಿಸಲಿಗೂ ಹೋದೆ. ದ್ಯಾವಮ್ಮ ಹಳೆ ಸೀರೆಗಳಿಂದ ಕೌದಿ ಹೊಲಿಯುವ ಮುದುಕಿ. ಬೆರಳು ಗಟ್ಟಿ, ಕಣ್ಣು ಮಂಜು. ಮುಂಜಾನೆ ಅಂಗಡಿ ತೆರೆಯುವ ಮೊದಲು ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವುದು ನಾನು ಒಪ್ಪಿಕೊಂಡ ಕೆಲಸ. "ನನ್ನ ಕೈಲೆ ಆಗೂದಿಲ್ಲ ಯವ್ವ" ಅಂದೆ. ಅವಳು "ಹೂಂ, ಹೋಗಪ್ಪ, ನಿಂಗೂ ಹೊತ್ತು ಬೇಕಲ್ಲ" ಅಂದಳು. ದಾರದ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣು ತಡಕತೊಡಗಿದಳು. ನಾನು ಅಷ್ಟರಲ್ಲಿ ಬೀದಿಗಿಳಿದಿದ್ದೆ. ಚೊಂಬುಗಳು ಝಣಗುಟ್ಟಲಿಲ್ಲ. ನಾಯಿ ಕೂಡ ತಿರುಗಿ ನೋಡಲಿಲ್ಲ.

ಮರುದಿನ ಶನಿವಾರ ಬೆಳಿಗ್ಗೆ, ಒಂದು ಸಲ ಪರೀಕ್ಷೆ ಆಗಿಬಿಡಲಿ ಅಂತ ದಂಡೆಗೆ ಹೋದೆ. ಹಸಿ ಮರಳಿನ ಮೇಲೆ ನಡೆದು ಮಾರೆಪ್ಪನ ಎದುರಿಗೆ ನಿಂತೆ. ಅವನು ಮರಳು ನೋಡಿದ. ಬಗ್ಗಿ ಮತ್ತೆ ನೋಡಿದ. ಒಂದು ಕಾಗೆ ನಡೆದುಹೋದ ಗುರುತಿತ್ತು, ನನ್ನದಿರಲಿಲ್ಲ.

"ಎಲ್ಲಾ ಇಳಿಸಿ ಬಂದಿ ಏನು ಪಂಪಣ್ಣ?"

"ಎಲ್ಲಾ."

"ಮಗಳಿಗೆ ಕೊಟ್ಟ ಮಾತೂ?"

"ಛೇ, ಅದನ್ನ ಹೆಂಗ ಇಳಿಸ್ಲೋ? ಅದು ನನ್ನ ಹತ್ರಾನ ಐತಿ."

ಮಾರೆಪ್ಪ ಹುಟ್ಟಿನ ತುದಿಯಿಂದ ಮರಳು ತೋರಿಸಿದ. "ಎಲ್ಲೈತಿ?"

ಅವನು ಕುಹಕಕ್ಕೆ ಕೇಳಿದ್ದಲ್ಲ. ಅವನ ಕಣ್ಣಲ್ಲಿ ನನ್ನ ಬಗ್ಗೆ ಮರುಕವಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ನಡೆದೆ, ಕಾಲು ಒತ್ತಿ ಒತ್ತಿ. ಮರಳು ಹಾಗೇ ಇತ್ತು. ಊರಿಗೆ ಕೊಟ್ಟ ಮಾತುಗಳೆಲ್ಲ ನನ್ನನ್ನು ಮೊಣಕಾಲಿನ ತನಕ ಹೂಳಿದ್ದವು. ತಾಯಿ ಸತ್ತ ಹುಡುಗಿಗೆ ಕೊಟ್ಟ ಮಾತಿಗೆ ಅಂದಿನಿಂದ ಇಂದಿನವರೆಗೂ ತೂಕವೇ ಇರಲಿಲ್ಲ. ಅಳು ನಿಲ್ಲಿಸಲು ಆಡಿದ ಮಾತು ಅದು, ಚಂದಪ್ಪನನ್ನು ತಂದುಕೊಡುವ ಮಾತು. ಅಧ್ಯಕ್ಷರ ಸೇತುವೆ. ನಾನು ಮರಳಿನ ಮೇಲೆ ಕೂತು ಅತ್ತೆ. ನಾಚಿಕೆಯಾಗಲಿಲ್ಲ, ದುಃಖವೇ ಅಷ್ಟಿತ್ತು.

ಮಾರೆಪ್ಪ ಪಕ್ಕಕ್ಕೆ ಬಂದು ಕೂತ. "ಇನ್ನೂ ಸೋಮವಾರ ಬಂದಿಲ್ಲ" ಅಂದ, ಅಷ್ಟೇ.

ಅಂಗಡಿಗೆ ಬಂದು ಗಿರಿಜವ್ವನ ಪೆಟ್ಟಿಗೆಯಿಂದ ಅವಳ ಕೆಂಪು ದಡಿಯ ಇಳಕಲ್ ಸೀರೆ ತೆಗೆದೆ. ಕತ್ತರಿಸಿ ಮಷೀನಿಗೆ ಕೊಟ್ಟೆ. ಕಾಲಿಟ್ಟರೆ ಪೆಡಲ್ ಕೆಳಗೆ ಹೋಗದು. ನನ್ನ ಕಾಲು ಬಿದ್ದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಕೈಯಲ್ಲೇ ಹೊಲಿಯಬೇಕು. ಕೈಹೊಲಿಗೆಗೆ ಒಳ್ಳೆಯ ಸೂಜಿ ಇದ್ದದ್ದು ದ್ಯಾವಮ್ಮನ ಹತ್ತಿರ.

ನಾನು ಹೋದಾಗ ಅವಳ ಮಡಿಲಲ್ಲಿ ಕೌದಿ ಹಾಗೇ ಬಿದ್ದಿತ್ತು. ಕೈಯಲ್ಲಿ ಖಾಲಿ ಸೂಜಿ. ನಾನು ದಿಂಬಿನ ಸೂಜಿಗಳಿಗೆಲ್ಲ ದಾರ ಪೋಣಿಸಿದೆ. "ನಿನ್ನೆ ತಪ್ಪು ಮಾತಾಡಿದೆ ಯವ್ವ. ಇದನ್ನ ನಾ ಬಿಡೂದಿಲ್ಲ."

"ಮತ್ತ ನಿನ್ನ ಮಗಳದು?"

"ಅದಕ್ಕ ಬಂದೀನಿ."

ಅವಳು ಸಣ್ಣ ಸೂಜಿಯೊಂದನ್ನು ತಡಕಿ ಆರಿಸಿಕೊಟ್ಟಳು. "ನಿನ್ನ ಹೇಣ್ತಿ ಹಂಪವ್ವನ ಕುಂಚಿಗಿ ಹೊಲಿಯುವಾಗ ಇಲ್ಲೇ ಕುಂತಿದ್ಲು. ಯಾರಾರ ಕರದ್ರ ಓಗೊಡ್ತಿರ್ಲಿಲ್ಲ. ಕೂಸು ಇನ್ನೂ ಹೊಟ್ಯಾಗ, ಇಕಿ ಅದರ ಜೋಡಿ ಮಾತು. ಇದು ನಿನ್ನ ಕಿವಿಗೆ, ಇದು ನಿನ್ನ ಬೆನ್ನಿಗೆ ಅನ್ಕೋತ."

ನಾನೂ ಅಲ್ಲೇ ಕೂತೆ. ಅಂಗಡಿಗೆ ಮರಳಿದರೆ ಜನ ಬರುತ್ತಾರೆ; ಆಗ ಹೂಂ ಅಂದುಬಿಡುವುದಿಲ್ಲ ಅಂತ ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಆದರೂ ಹುಡುಕಿಕೊಂಡು ಬಂದರು. ಭಾನುವಾರ ಹೊತ್ತು ಏರುವಾಗ ಸ್ವಾಗತ ಸಮಿತಿಯ ಶೇಖರಗೌಡರು ಬಾಗಿಲಲ್ಲಿ ನಿಂತರು. "ಪಂಪಣ್ಣ, ಇಲ್ಲೆ ಕುಂತೀಯೇನು? ನಾಳೆ ದೊಡ್ಡವರು ಬರ್ತಾರ. ವೇದಿಕಿ ಪರದೆ ಹರದೈತಿ. ನೀನ ಆಗಬೇಕು. ನಿನ್ನ ಬಿಟ್ರ ಊರಾಗ ಯಾರದಾರ ಹೇಳು?"

ಆ ಕೊನೆಯ ಮಾತಿಗೆ ಮೊದಲಾಗಿದ್ದರೆ ನಾನು ಊಟ ಬಿಟ್ಟು ಏಳುತ್ತಿದ್ದೆ. ಈಗಲೂ ಮಂಡಿ ಏಳಲು ಹವಣಿಸಿತು, ಸುಳ್ಳು ಯಾಕೆ ಹೇಳಲಿ. ಸೂಜಿ ಬಟ್ಟೆಯಲ್ಲೇ ಇತ್ತು. ಅದನ್ನು ನೋಡಿದೆ.

"ಆಗೂದಿಲ್ರಿ ಗೌಡ್ರ. ನಾಳೆ ನನಗ ಕೆಲಸ ಐತಿ."

"ಏನಂತ ಕೆಲಸ?"

"ಮಮ್ಮಗಳಿಗೆ ಕುಂಚಿಗಿ ಕಟ್ಟೋದೈತ್ರಿ."

ಗೌಡರು ನಕ್ಕರು. "ಅದೂ ಒಂದು ಕೆಲಸೇನೋ ಮಾರಾಯ?"

"ನನಗ ಅದ ಮೊದಲನೇದ್ರಿ. ಉಳಿದದ್ದೆಲ್ಲಾ ಅದರ ಹಿಂದ."

ಗೌಡರು ಮುಖ ಗಂಟು ಹಾಕಿಕೊಂಡು ಹೋದರು. ಕೆಳಗಿನ ಓಣಿಯ ಹುಡುಗರು ಪರದೆ ಹೊಲಿದುಕೊಟ್ಟರು ಅಂತ ಆಮೇಲೆ ಗೊತ್ತಾಯಿತು. ನಾನು ಕೂತಲ್ಲೇ ಕಾಲು ಚಾಚಿದೆ. ಸಗಣಿ ಸಾರಿಸಿದ ನೆಲ ಹಿಮ್ಮಡಿಗೆ ತಣ್ಣಗೆ ತಾಗಿತು. ಎಷ್ಟೋ ವರ್ಷ ನೆಲದಲ್ಲಿ ಹೂತು ನಡೆದಿದ್ದೆ, ಎರಡು ದಿನ ನೆಲ ಮುಟ್ಟದೆ ನಡೆದಿದ್ದೆ. ನೆಲ ಹೀಗೆ ತಣ್ಣಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು. "ಇದು ನಿನ್ನ ಕಿವಿಗೆ" ಅಂದುಕೊಂಡು ಅಂಚು ಮಡಚಿದೆ. ದ್ಯಾವಮ್ಮ ಕೇಳದವಳ ಹಾಗೆ ಕೌದಿ ಹೊಲಿಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಹೊರಟಾಗ ಒಂದು ಚಿಂತೆ ಉಳಿದಿತ್ತು. ನಾನು ಆಚೆ ಕೆಲವು ದಿನ ಉಳಿಯುವವನು. ಅಲ್ಲಿಯವರೆಗೆ ಮುದುಕಿಯ ಸೂಜಿಗೆ ದಾರ ಪೋಣಿಸುವವರು ಯಾರು? ಮಂಟಪದ ಹತ್ತಿರ ಬಂದಾಗ ಜೋಳಿಗೆ ಅಜ್ಜ ತಾನಾಗಿಯೇ ಕರೆದ. "ಹೆಜ್ಜಿ ಬೀಳಾಕ ಹತ್ಯಾವಲ್ಲೋ ನಿನ್ನವು."

"ಹೂಂ ಯಜ್ಜಾ. ಎರಡ ಮಾತು ಇಟ್ಕೊಂಡೀನಿ. ಮೊದಲನೇದಕ್ಕ ಹೊಂಟೀನಿ, ಎರಡನೇದು ಇಲ್ಲೇ ಉಳೀತೈತಿ. ನಿಮ್ಮ ಕಣ್ಣು ಹೆಂಗದಾವ?"

"ಕಣ್ಣು? ಆಚಿ ದಂಡಿ ಕೊಕ್ಕರಿ ಕಾಲು ಕಾಣ್ತಾವ. ಏನು ಉಪಯೋಗ, ಯಾರೂ ಏನೂ ಕೇಳೂದಿಲ್ಲ. ಕೈ ಮುಗಿದು ಹೋಗ್ತಾರ." ಅವನ ದನಿಯಲ್ಲಿ ನಾನು ಎಂದೂ ಕೇಳದ ಒಂದು ಆಸೆ ಇತ್ತು.

ದ್ಯಾವಮ್ಮನ ಸೂಜಿಗಳ ಸಂಗತಿ ಹೇಳಿದೆ. ನಾನು ಬರುವ ತನಕ ಅಷ್ಟೇ ಅಂದೆ. ಅಜ್ಜ ಜೋಳಿಗೆಯನ್ನು ಮಡಿಲಿಗೆ ಎಳೆದುಕೊಂಡ. ಎಲ್ಲದಕ್ಕೂ ಆಗುವುದಿಲ್ಲ ಅಂದು ಬಂದ ಬಾಯಿ ಅದು; ತೆರೆಯುವುದು ಕಷ್ಟವಾಗುತ್ತಿತ್ತು. ಕೊನೆಗೆ "ಹೂಂ" ಅಂದ. ಅಂದವನು ಜೋಳಿಗೆಗೆ ಕೈ ಹಾಕಿ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟು, ಕಂಬ ಬಿಟ್ಟು ಎದ್ದು ನಿಂತ. ಹಾರಲಿಲ್ಲ. ಬೊಚ್ಚುಬಾಯಿ ತುಂಬ ನಕ್ಕ.

ಹಸಿ ಮರಳಿನಲ್ಲಿ ನಾನು ನಡೆದೆ. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ, ಮಾರೆಪ್ಪನ ಮುಖ ನೋಡಿದೆ. ಅವನು ಮರಳು ನೋಡಿ ಹರಿಗೋಲಿನ ಅಂಚು ಹಿಡಿದುಕೊಟ್ಟ. ಹೊಳೆಯ ನಡುವೆ ಸುಳಿಯ ಹತ್ತಿರ ಹರಿಗೋಲು ಒಂದು ಸುತ್ತು ತಿರುಗಲು ನೋಡಿತು. ಕುಂಚಿಗೆಯನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಕೂತೆ. ಅದು ನೇರವಾಯಿತು.

ಹಂಪಮ್ಮ ಕೂಸನ್ನೆತ್ತಿಕೊಂಡು ದಂಡೆಗೇ ಬಂದಿದ್ದಳು. ಬಾಣಂತಿ ಗಾಳಿಗೆ ಬರಬಾರದು ಅಂತ ಅವಳ ಅತ್ತೆ ಹಿಂದೆ ಬೈಯುತ್ತ ನಿಂತಿದ್ದರು. ನಾನು ಇಳಿದು ಮಗಳ ಕಡೆ ನಡೆದೆ. ಅವಳು ನನ್ನ ಮುಖ ನೋಡಲಿಲ್ಲ. ನಮ್ಮೂರ ಮಗಳಲ್ಲವೇ, ನನ್ನ ಹಿಂದಿನ ಮರಳು ನೋಡುತ್ತಿದ್ದಳು. ಹರಿಗೋಲಿನಿಂದ ಅವಳ ಕಾಲಿನವರೆಗೆ ಹೆಜ್ಜೆಗಳ ಸಾಲು ಬಂದಿತ್ತು. ಆಳವಲ್ಲ, ಹಾಗಂತ ಅಳಿಸಿಹೋಗುವಂಥವೂ ಅಲ್ಲ.

"ಯಪ್ಪಾ, ಊರು ಇಳಿಸಿ ಬಂದಿ ಅಂತ ಮಾರೆಪ್ಪ ಕಾಕಾ ಹೇಳಿದ" ಅಂದಳು. "ಮತ್ತ ಈ ಭಾರ ಯಾರ್ದು?"

"ನಿಂದವ್ವ" ಅಂದೆ. ಸುಳ್ಳು ಹೇಳಬಾರದು ಅಂತ ಇನ್ನೊಂದನ್ನೂ ಸೇರಿಸಿದೆ: "ಚೂರು ದ್ಯಾವಮ್ಮಂದು."

ಹಂಪಮ್ಮ ಅಳುತ್ತಲೇ ನಕ್ಕಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಕುಂಚಿಗೆಯ ಲಾಡಿಯನ್ನು ಅದರ ಗದ್ದದ ಕೆಳಗೆ ನಾನೇ ಕಟ್ಟಿದೆ. ಕೆಂಪು ದಡಿ ಹಣೆಯ ಮೇಲೆ ಬಂತು. ಗಂಟು ಬಿದ್ದ ಮೇಲೆ ಆ ಮಾತು ಮುಗಿಯಿತು, ಮೈ ಹಗುರಾಯಿತು. ಉಳಿದದ್ದು ದ್ಯಾವಮ್ಮನ ಚೂರು ಭಾರ ಮಾತ್ರ; ಇನ್ನೇನು ಕಾಲು ಮರಳಿನಿಂದ ಮೇಲೇಳುತ್ತದೆ ಅನ್ನುವಷ್ಟರಲ್ಲಿ ಹಂಪಮ್ಮ, "ಯಪ್ಪಾ, ಇಕಿಗೆ ನಡಿಯೋದು ನೀನ ಕಲಿಸಬೇಕು ನೋಡು" ಅಂದಳು.

ನಾನು ಅವಸರ ಮಾಡಲಿಲ್ಲ. ಕೂಸಿನ ಮುಖ ನೋಡಿದೆ, ಮಗಳ ಮುಖ ನೋಡಿದೆ, ಆಮೇಲೆ "ಹೂಂ" ಅಂದೆ. ಮರಳು ಕಾಲಬೆರಳುಗಳ ಸುತ್ತ ಮೆಲ್ಲಗೆ ಏರಿ ಬಂತು.